ಮೆಕ್ಕೆಕಟ್ಟಿನಿಂದ ದಿಲ್ಲಿಗೆ ಹೋದವರನ್ನು ಕಂಡು ಬಂದದ್ದು

ಮೊದಲ ದಿನ, ಸೋಮವಾರ

ನನ್ನ ಅಮ್ಮನ ತವರು ಉಡುಪಿ ಜಿಲ್ಲೆಯ ಶಿರಿಯಾರದ ಕಡೆ. ಅಲ್ಲಿಯ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನದಲ್ಲಿದ್ದ ಹಳೆಯ ಮರದ ಮೂರ್ತಿಗಳು 1960ರ ದಶಕದಲ್ಲಿ ಹೊಸ ಮೂರ್ತಿಗಳಿಗೆ ಜಾಗ ಬಿಟ್ಟುಕೊಟ್ಟು ದಿಲ್ಲಿಯ ಸಂಗ್ರಹಾಲಯವನ್ನು ಸೇರಿದವು ಎಂಬುದನ್ನು ಅವಳು ಹುಡುಗಿಯಾಗಿದ್ದಾಗಿನಿಂದ ಕೇಳುತ್ತಲೇ ಬೆಳೆದವಳು. ಹಾಗಾಗಿ ದೊಡ್ಡಮ್ಮನ ಮಗ, ನಾನು ಅಣ್ಣ ಎಂದು ಕರೆಯುವವನು, ಮಯೂರ ವಿಹಾರದ ತನ್ನ ಮನೆಗೆ ಬರಲೇಬೇಕೆಂದು ಹಟ ಹಿಡಿದಾಗ ಅವಳು ಒಪ್ಪಿಕೊಂಡದ್ದು ಕೆಂಪು ಕೋಟೆಗಾಗಲಿ ಕುತುಬ್ ಮಿನಾರಿಗಾಗಲಿ ಆಸೆಪಟ್ಟಲ್ಲ. "ನಮ್ಮೂರಿನವರು ಅಲ್ಲಿ ಹೇಗಿದ್ದಾರೆ ಎಂದು ಒಮ್ಮೆ ನೋಡಿ ಬರಬೇಕು" ಎಂದಷ್ಟೇ ಹೇಳಿದ್ದಳು.

ಫೆಬ್ರವರಿಯ ಮೊದಲ ವಾರ. ಬಿಸಿಲಿನಲ್ಲಿ ನಿಂತರೆ ಹಿತ, ನೆರಳಿಗೆ ಬಂದರೆ ಶಾಲು ಬೇಕು ಎನ್ನುವಂಥ ಹವೆ. ನಾವು ಬಂದಿಳಿದ ದಿನವೇ, ಸ್ನಾನ ಊಟ ಮುಗಿಸಿ ಭೈರೋನ್ ಮಾರ್ಗದಲ್ಲಿರುವ ರಾಷ್ಟ್ರೀಯ ಕರಕುಶಲ ವಸ್ತು ಸಂಗ್ರಹಾಲಯಕ್ಕೆ ಹೊರಟೆವು. ದಿಲ್ಲಿಯವರು ಅದನ್ನು ಕ್ರಾಫ್ಟ್ಸ್ ಮ್ಯೂಸಿಯಂ ಎಂದೇ ಕರೆಯುತ್ತಾರೆ. ಗೇಟು ಮುಚ್ಚಿತ್ತು. ಸೋಮವಾರ ಅದಕ್ಕೆ ವಾರದ ರಜೆ ಎಂಬುದನ್ನು ಎರಡು ತಿಂಗಳಿನಿಂದ ಪ್ರವಾಸದ ಯೋಜನೆ ಹಾಕುತ್ತಿದ್ದ ನಾನು ನೋಡಿಕೊಂಡಿರಲಿಲ್ಲ. ಅಮ್ಮ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದಾಗಲೇ ನನಗೆ ಹೆಚ್ಚು ಕಷ್ಟವಾಗುವುದು.

ರಸ್ತೆಯ ಆಚೆಗೇ ಪುರಾನಾ ಕಿಲಾ ಇರುವುದರಿಂದ ಮಧ್ಯಾಹ್ನವನ್ನು ಅಲ್ಲಿ ಕಳೆದೆವು. ಶೇರ್ ಮಂಡಲ್ ಎಂಬ ಎರಡು ಅಂತಸ್ತಿನ ಕೆಂಪುಕಲ್ಲಿನ ಕಟ್ಟಡವನ್ನು ತೋರಿಸಿ, 1556ರಲ್ಲಿ ಹುಮಾಯೂನ್ ಬಾದಶಹ ಇದೇ ಮೆಟ್ಟಿಲಿನಿಂದ ಜಾರಿ ಬಿದ್ದು ತೀರಿಕೊಂಡ ಎಂದು ಅಣ್ಣ ವಿವರಿಸಿದ. ಅಮ್ಮ ಮೆಟ್ಟಿಲುಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಿ, "ಇಷ್ಟು ಎತ್ತರದ ಮೆಟ್ಟಿಲು ಮಾಡಿದವನನ್ನು ಕೇಳಬೇಕಿತ್ತು" ಎಂದಳು. ಆ ದಿನದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಕ್ಕೇನಿಲ್ಲ.

ಎರಡನೆಯ ದಿನ, ಮಂಗಳವಾರ

ಬೆಳಿಗ್ಗೆ ಮೆಟ್ರೋದ ನೀಲಿ ಮಾರ್ಗದಲ್ಲಿ ಯಮುನೆಯನ್ನು ದಾಟಿ, ಹಿಂದೆ ಪ್ರಗತಿ ಮೈದಾನ ಎಂಬ ಹೆಸರಿದ್ದು ಈಗ ಸುಪ್ರೀಂ ಕೋರ್ಟ್ ಎನಿಸಿಕೊಂಡಿರುವ ನಿಲ್ದಾಣದಲ್ಲಿ ಇಳಿದೆವು. ನದಿಯನ್ನು ನೋಡಿ ಅಮ್ಮ ಅಭ್ಯಾಸದಂತೆ ಕೈಮುಗಿದಳು, ಆಮೇಲೆ ನೀರಿನ ಬಣ್ಣ ಕಂಡು ಮುಖ ತಿರುಗಿಸಿದಳು.

ಒಳಗೆ ಕಾಲಿಟ್ಟ ಕೂಡಲೇ ಸಮಾಧಾನವಾಗುವ ಕಟ್ಟಡಗಳು ದಿಲ್ಲಿಯಲ್ಲಿ ಕಡಿಮೆ, ಇದು ಅಂಥದ್ದೊಂದು. ಚಾರ್ಲ್ಸ್ ಕೊರಿಯಾ ಇದನ್ನು 1975ರಿಂದ 1990ರವರೆಗೆ, ಹಂತ ಹಂತವಾಗಿ ರೂಪಿಸಿದರು. ಎದುರಿಗೆ ನಿಂತು ತಲೆಯೆತ್ತಿ ನೋಡಬೇಕಾದ ಮುಖಮಂಟಪವೇ ಇಲ್ಲ. ತಗ್ಗಾದ ಮಾಡಿನ ಕೆಳಗಿನಿಂದ ಒಂದು ಓಣಿ ಹೊರಟು ಅಂಗಳಕ್ಕೆ ತೆರೆದುಕೊಳ್ಳುತ್ತದೆ, ಆ ಅಂಗಳದಿಂದ ಇನ್ನೊಂದು ಓಣಿ, ಮತ್ತೊಂದು ಅಂಗಳ. ಒಂದು ಕಡೆ ತಮಿಳುನಾಡಿನ ಅಯ್ಯನಾರ್ ಗುಡಿಗಳ ಮುಂದೆ ನಿಲ್ಲಿಸುವಂಥ ಆಳೆತ್ತರದ ಮಣ್ಣಿನ ಕುದುರೆಗಳು ಮಳೆ ಬಿಸಿಲಿಗೆ ಮೈಯೊಡ್ಡಿಕೊಂಡು ನಿಂತಿದ್ದರೆ, ಇನ್ನೊಂದು ಕಡೆ ಗುಜರಾತಿನ ಹವೇಲಿಯೊಂದರ ಕೆತ್ತನೆಯ ಮರದ ಮುಂಭಾಗ ಗೋಡೆಗೆ ಬೆನ್ನು ಕೊಟ್ಟು ನಿಂತಿದೆ. ನಡುಮನೆ, ಜಗಲಿ, ಹೆಬ್ಬಾಗಿಲು ದಾಟಿ ಅಂಗಳಕ್ಕೆ ಬರುವ ಮನೆಗಳಲ್ಲಿ ಬೆಳೆದವರಿಗೆ ಇಲ್ಲಿ ದಾರಿ ಕೇಳಬೇಕಾಗುವುದಿಲ್ಲ. ಅಮ್ಮ ನನಗಿಂತ ಮುಂದೆ ನಡೆಯುತ್ತಿದ್ದಳು.

ಈ ಸಂಗ್ರಹಕ್ಕೆ ಬುನಾದಿ ಬಿದ್ದದ್ದು 1950ರ ದಶಕದಲ್ಲಿ, ಅಖಿಲ ಭಾರತ ಕರಕುಶಲ ಮಂಡಳಿಯ ಮೂಲಕ. ಆ ಮಂಡಳಿಯನ್ನು ಮುನ್ನಡೆಸಿದ ಕಮಲಾದೇವಿ ಚಟ್ಟೋಪಾಧ್ಯಾಯರು 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡು, ದೇಶ ವಿಭಜನೆಯಾದಾಗ ನಿರಾಶ್ರಿತರಿಗೆ ಫರೀದಾಬಾದಿನಲ್ಲಿ ನೆಲೆ ಕಲ್ಪಿಸಲು ದುಡಿದು, ಆಮೇಲೆ ಊರೂರು ಸುತ್ತಿ ಕುಂಬಾರರನ್ನೂ ನೇಕಾರರನ್ನೂ ಹುಡುಕಿಕೊಂಡು ಹೋದ ಹೆಂಗಸು. ಕರಾವಳಿಯ ದೈವಗಳು ದಿಲ್ಲಿಯ ಈ ಅಂಗಳಕ್ಕೆ ಬಂದು ಸೇರಿದ ಕಥೆಯ ಹಿಂದೆ ಕರಾವಳಿಯಲ್ಲೇ ಹುಟ್ಟಿದವರ ಹೆಸರೂ ಇದೆ ಎಂಬುದನ್ನು ನಾನು ಅಮ್ಮನಿಗೆ ಹೇಳಿದೆ. "ಹಾಗಾದರೆ ಗುರುತಿನವರ ಜೊತೆಗೇ ಬಂದಿದ್ದಾರೆ" ಎಂದು ಅವಳು ಅದನ್ನು ತನ್ನ ಲೆಕ್ಕಕ್ಕೆ ಹೊಂದಿಸಿಕೊಂಡಳು.

ಭೂತ ಗ್ಯಾಲರಿಯ, ಅಂದರೆ ನಮ್ಮ ಕರಾವಳಿಯ ದೈವಗಳ ಮೂರ್ತಿಗಳನ್ನಿಟ್ಟ ಕೋಣೆಯ, ಬಾಗಿಲಿನಲ್ಲಿ ಅವಳ ನಡಿಗೆ ನಿಧಾನವಾಯಿತು. ಚಪ್ಪಲಿ ಬಿಡುವುದಕ್ಕೆಂದು ಬಗ್ಗಿದವಳು ಕಾವಲಿನವನ ಬೂಟು ನೋಡಿ ಹಾಗೇ ಎದ್ದು ನಿಂತಳು.

ಒಳಗೆ ಅವರೆಲ್ಲ ಇದ್ದರು. ಕುದುರೆಯೇರಿದವರು, ಕತ್ತಿ ಹಿಡಿದವರು, ಕಾಲು ಊರಿ ನೆಟ್ಟಗೆ ನಿಂತವರು, ಪ್ರಾಣಿಯ ಮುಖದವರು. ಕೆಲವರು ಆಳೆತ್ತರಕ್ಕೂ ಮೀರಿದವರು. ಎಲ್ಲರದ್ದೂ ಹೊರಚಾಚಿದ ದುಂಡು ಕಣ್ಣು. ನಮ್ಮ ಕಡೆಯ ಗುಡಿಗಳಲ್ಲಿ ಇಂಥ ಮೂರ್ತಿಗಳನ್ನು ಎಣ್ಣೆದೀಪದ ಬೆಳಕಿನಲ್ಲಿ, ಹೂವಿನ ರಾಶಿಯ ನಡುವೆ, ಹೊಸ್ತಿಲಿನ ಈಚೆಯಿಂದ ಮಾತ್ರ ನೋಡುತ್ತೇವೆ. ಅವರ ಬೆನ್ನು ಹೇಗಿರುತ್ತದೆ ಎಂಬುದು ಅರ್ಚಕರಿಗೂ ಆಚಾರಿಗಳಿಗೂ ಮಾತ್ರ ಗೊತ್ತಿರುವ ವಿಷಯ. ಇಲ್ಲಿ ಹತ್ತಿರ ಹೋಗಿ, ಬದಿಗೆ ಸರಿದು, ಕಿವಿಯ ಹಿಂದಿನ ಕೆತ್ತನೆಯವರೆಗೆ ನೋಡಬಹುದಾಗಿತ್ತು, ಮತ್ತು ಹಾಗೆ ನೋಡುವಾಗ ಮಲಗಿದ್ದವರ ಕೋಣೆಗೆ ಹೇಳದೆ ಹೋದಂತೆ ಒಂದು ಬಗೆಯ ಸಂಕೋಚವಾಗುತ್ತಿತ್ತು.

ನಾನು ಒಂದು ಮೂರ್ತಿಯ ಎದುರಿಗೆ ಬಹಳ ಹೊತ್ತು ನಿಂತೆ. ಎದೆಯ ಮೇಲಿನ ಬಣ್ಣ ಸಣ್ಣ ಸಣ್ಣ ಹಕ್ಕಳೆಯಾಗಿ ಎದ್ದಿತ್ತು. ಹಕ್ಕಳೆ ಬಿದ್ದುಹೋದ ಕಡೆ ಮೇಲಿನ ಕೆಂಪಿನ ಅಡಿಯಲ್ಲಿ ಅದಕ್ಕಿಂತ ಮಂಕಾದ ಇನ್ನೊಂದು ಕೆಂಪು, ಅದರ ಅಡಿಯಲ್ಲಿ ಮರ. ಹಲಸಿನ ಮರದ ಚೇಗು ಮೊದಲು ಅರಿಶಿನದ ಬಣ್ಣವಿದ್ದು ಕಾಲ ಕಳೆದಂತೆ ಕಂದಾಗುತ್ತದೆ. ಇಲ್ಲಿ ಅದು ಹುರಿದ ಕಾಫಿಬೀಜದಷ್ಟು ಕಪ್ಪಾಗಿತ್ತು. ತೋಳನ್ನು ಬೇರೆಯಾಗಿ ಕೆತ್ತಿ ಭುಜಕ್ಕೆ ಕೂಡಿಸಿದ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಆಚಾರಿಯ ಉಳಿ ತೊಡೆಯ ಒಳಬದಿಯಲ್ಲಿ, ಯಾರೂ ನೋಡದ ಜಾಗದಲ್ಲಿ, ಸಮ ಮಾಡದೆ ಬಿಟ್ಟ ನಾಲ್ಕು ಕಚ್ಚುಗಳು ಹಾಗೆಯೇ ಉಳಿದಿದ್ದವು.

ಅಷ್ಟರಲ್ಲಿ ಅಮ್ಮ ಹತ್ತಿರ ಬಂದು ಮೆಲ್ಲಗೆ, ಊರಿನ ಮಾತಿನಲ್ಲಿ ಕೇಳಿದಳು: "ಇಲ್ಲಿ ಕೈ ಮುಗಿಕಾ ಮಗಾ, ಬ್ಯಾಡ್ದಾ?"

ನನ್ನಲ್ಲಿ ಉತ್ತರವಿರಲಿಲ್ಲ. ಗುಡಿಯ ಜೀರ್ಣೋದ್ಧಾರದ ಹೊತ್ತಿಗೆ ಮೂರ್ತಿಯಲ್ಲಿರುವ ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸಿಕೊಂಡು, ಹೊಸ ಮೂರ್ತಿ ಸಿದ್ಧವಾದ ಮೇಲೆ ಅದಕ್ಕೆ ತುಂಬುವ ಕ್ರಮವಿದೆ. ನಮ್ಮ ಕಡೆ ಮೊದಲನೆಯದಕ್ಕೆ ಕಲಾ ಸಂಕೋಚ ಎನ್ನುತ್ತಾರೆ. ಆಮೇಲೆ ಹಳೆಯ ಮೂರ್ತಿ ಬರಿಯ ಮರ, ಅದನ್ನು ನೀರಿಗೋ ಬೆಂಕಿಗೋ ಒಪ್ಪಿಸುವುದು ರೂಢಿ. ಆ ಲೆಕ್ಕದಲ್ಲಿ ಇಲ್ಲಿ ನಿಂತಿರುವುದು ಮರ, ಕೈಮುಗಿಯಬೇಕಾದ ಅಗತ್ಯವಿಲ್ಲ. ಆದರೆ ಇದೇ ಮರದ ಎದುರಿಗೆ ಹಲವು ತಲೆಮಾರು ಹರಕೆ ಹೊತ್ತಿದೆ, ಸುಳ್ಳು ಹೇಳಲಾರದೆ ತಡವರಿಸಿದೆ, ಕಳುವಾದ ದನ ಸಿಗಲಿ ಎಂದು ಬೇಡಿಕೊಂಡಿದೆ. ಅಜ್ಜಿಯ ಸೆರಗಿನ ಹಿಂದೆ ಅವಿತು ಈ ಕಣ್ಣುಗಳನ್ನು ಹೆದರಿ ನೋಡಿದ ಹುಡುಗಿ ನನ್ನ ಪಕ್ಕದಲ್ಲೇ ನಿಂತಿದ್ದಳು. ನಾನು "ನಿನಗೆ ಹೇಗೆ ಅನ್ನಿಸುತ್ತದೋ ಹಾಗೆ" ಎಂದೆ. ಅದು ತಪ್ಪಿಸಿಕೊಳ್ಳುವ ಮಾತು ಎಂದು ಅವಳಿಗೂ ಗೊತ್ತಾಯಿತು. ಅವಳು ಕೈಮುಗಿಯಲಿಲ್ಲ, ಸೆರಗನ್ನು ಮಾತ್ರ ಎರಡೂ ಭುಜದ ಮೇಲೆ ಹೊದ್ದುಕೊಂಡು, ಹಿರಿಯರ ಮುಂದೆ ನಿಲ್ಲುವಂತೆ ಸ್ವಲ್ಪ ಹೊತ್ತು ನಿಂತಳು.

ದೈವಗಳನ್ನು ಊರಿನಿಂದ ಕಿತ್ತು ಗಾಜು ಗೋಡೆಗಳ ನಡುವೆ ಇಡುವುದು ತಪ್ಪು ಎಂದು ವಾದಿಸುವವರಿದ್ದಾರೆ, ನಾನೂ ಹಿಂದೊಮ್ಮೆ ವಾದಿಸಿದ್ದೇನೆ. ಅಂದು ಆ ಉಳಿಯ ಕಚ್ಚುಗಳನ್ನು ನೋಡಿದ ಮೇಲೆ ಆ ವಾದದಲ್ಲಿ ನನಗೆ ಉತ್ಸಾಹ ಉಳಿಯಲಿಲ್ಲ. ನೀರಿಗೆ ಬಿಟ್ಟಿದ್ದರೆ ಕರಗಿಹೋಗುತ್ತಿದ್ದ ಒಬ್ಬ ಆಚಾರಿಯ ಕೈ ಇಲ್ಲಿ ಉಳಿದುಕೊಂಡಿದೆ. ಇಲ್ಲದ್ದು ಸದ್ದು. ತಾಸೆಯ ಬಡಿತ, ದೀಟಿಗೆಯ ಚಟಪಟ, ದೈವ ಮೈಮೇಲೆ ಬಂದ ಪಾತ್ರಿಯ ನುಡಿ ಇವುಗಳಿಗಾಗಿಯೇ ಕೆತ್ತಿದ ಮುಖಗಳು ಸಮನಾದ ವಿದ್ಯುತ್ ಬೆಳಕಿನಲ್ಲಿ, ಸದ್ದಿಲ್ಲದ ಕೋಣೆಯಲ್ಲಿ, ಯಾವುದೋ ಮಾತಿಗೆ ಕಾಯುತ್ತಿರುವಂತೆ ಕಾಣುತ್ತವೆ.

ಹೊರಗೆ ಬಂದಾಗ ಒಂದೂವರೆ ಗಂಟೆ. ಸಂಗ್ರಹಾಲಯದ ಆವರಣದಲ್ಲೇ ಕೆಫೆ ಲೋಟಾ ಇದೆ. 2013ರಲ್ಲಿ ತೆರೆದದ್ದು, ಈಗ ವಸ್ತುಗಳನ್ನು ನೋಡಲು ಬರುವವರಿಗಿಂತ ಇಲ್ಲಿ ತಿನ್ನಲು ಬರುವವರೇ ಹೆಚ್ಚೇನೋ ಎನ್ನಿಸುವಷ್ಟು ಹೆಸರು ಮಾಡಿದೆ. ಹೆಸರು ಬರೆಸಿ ಕಾಯಬೇಕಾಯಿತು. ಕಾಯುತ್ತಿರುವಾಗ ಅಮ್ಮ ಬೋರ್ಡನ್ನು ಓದಿಸಿ ಕೇಳಿಕೊಂಡು, "ಲೋಟದ ಹೆಸರು ಯಾಕೆ ಇಟ್ಟರೋ, ತಟ್ಟೆಯ ಹೆಸರು ಇಡಬಹುದಿತ್ತಲ್ಲ" ಎಂದಳು. ಕನ್ನಡದ ಲೋಟ ಕಾಫಿ ಕುಡಿಯುವಂಥದ್ದು, ಹಿಂದಿಯ ಲೋಟಾ ಎಂದರೆ ನಮ್ಮ ಚೊಂಬು ಎಂದು ಅಣ್ಣ ತಿಳಿಸಿ ಹೇಳಿದ. ಚೊಂಬು ಎಂದ ಕೂಡಲೇ ಅವಳಿಗೆ ನಗು ತಡೆಯಲಿಲ್ಲ. ನಮ್ಮಲ್ಲಿ ಕೈಗೆ ಚೊಂಬು ಕೊಡುವುದೆಂದರೆ ಏನೆಂದು ಓದುಗರಿಗೆ ಹೇಳಬೇಕಾಗಿಲ್ಲ.

ಆದರೆ ಆ ಚೊಂಬಿಗೆ ದೊಡ್ಡ ಮರ್ಯಾದೆಯ ಚರಿತ್ರೆಯೂ ಇದೆ. ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರದ ಕೋರಿಕೆಯ ಮೇಲೆ ದೇಶ ಸುತ್ತಿ 1958ರಲ್ಲಿ ವರದಿ ಕೊಟ್ಟಾಗ, ತಾವು ಇಲ್ಲಿ ಕಂಡು ಮೆಚ್ಚಿದ ಎಲ್ಲ ವಸ್ತುಗಳಲ್ಲಿ ಈ ನಿತ್ಯಬಳಕೆಯ ಪಾತ್ರೆಯೇ ಬಹುಶಃ ಎಲ್ಲಕ್ಕಿಂತ ಸುಂದರವಾದದ್ದು ಎಂದು ಬರೆದರು. ಒಬ್ಬ ವ್ಯಕ್ತಿ ಕೂತು ಯೋಚಿಸಿ ಮಾಡಿದ ಆಕಾರವಲ್ಲ ಅದು, ಸೊಂಟದ ಮೇಲೆ ಇಟ್ಟುಕೊಂಡು, ತಲೆಯ ಮೇಲೆ ಹೊತ್ತು, ಬೂದಿ ಹಾಕಿ ತಿಕ್ಕಿ, ಬಗ್ಗಿಸಿ ಸುರಿದು ಅನೇಕ ತಲೆಮಾರುಗಳು ತಿದ್ದಿಕೊಂಡದ್ದು ಎಂಬುದು ಅವರ ಮಾತಿನ ಸಾರ. ಅಹಮದಾಬಾದಿನಲ್ಲಿ 1961ರಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು ಆ ವರದಿಯಿಂದಲೇ. ಕರಕುಶಲ ಸಂಗ್ರಹಾಲಯದೊಳಗಿನ ಉಪಾಹಾರ ಗೃಹಕ್ಕೆ ಇದಕ್ಕಿಂತ ಒಪ್ಪುವ ಹೆಸರು ಹುಡುಕಿದರೂ ಸಿಗಲಿಕ್ಕಿಲ್ಲ.

ಬಿದಿರಿನ ಗಳುಗಳನ್ನು ಬಿಡಿಬಿಡಿಯಾಗಿ ಹೊಂದಿಸಿದ ಚಪ್ಪರದ ಕೆಳಗೆ ಜಾಗ ಸಿಕ್ಕಿತು. ಬಿಸಿಲು ಗಳುಗಳ ಸಂದಿಯಿಂದ ಇಳಿದು ಮೇಜು, ತಟ್ಟೆ, ಅಮ್ಮನ ಬಿಳಿಕೂದಲು ಎಲ್ಲದರ ಮೇಲೂ ಪಟ್ಟೆ ಎಳೆದಿತ್ತು. ಬೇರೆ ಬೇರೆ ಪ್ರಾಂತಗಳ ಅಡುಗೆಯನ್ನು ಒಂದೇ ಪಟ್ಟಿಯಲ್ಲಿ ತಂದಿರುವುದು ಇಲ್ಲಿನ ವಿಶೇಷ. ಪಾಲಕ್ ಎಲೆಯನ್ನು ಹಿಟ್ಟಿನಲ್ಲಿ ಅದ್ದಿ ಗರಿಗರಿಯಾಗಿ ಕರಿದು ಮೇಲೆ ಮೊಸರು, ಹುಳಿಸಿಹಿ ಚಟ್ನಿ ಹಾಕಿದ ಚಾಟನ್ನು ಅಮ್ಮ ಮೊದಲು ಅನುಮಾನದಿಂದ ಮುರಿದು, ನಂತರ ನಮ್ಮ ಪಾಲನ್ನೂ ತನ್ನ ಕಡೆಗೆ ಎಳೆದುಕೊಂಡಳು. ಬಂಗಾಳದ ಭಾಪಾ ದೋಯಿ ಎಂಬ ಹಬೆಯಲ್ಲಿ ಬೇಯಿಸಿದ ಸಿಹಿ ಮೊಸರನ್ನು ಚೀಸ್‌ಕೇಕ್ ರೂಪದಲ್ಲಿ ಕೊಡುತ್ತಾರೆ. ಅದು ನನಗೆ ಹಿಡಿಸಿತು, ಅವಳಿಗೆ ಅಷ್ಟಾಗಿ ಅಲ್ಲ. ಕೊನೆಗೆ ಫಿಲ್ಟರ್ ಕಾಫಿ. ಎರಡು ದಿನದಿಂದ ಶುಂಠಿ ಚಹಾದಲ್ಲೇ ದಿನ ದೂಡಿದ್ದ ಅಮ್ಮ ಮೊದಲ ಗುಟುಕನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ತೀರ್ಪು ಕೊಟ್ಟಳು: "ಡಿಕಾಕ್ಷನ್ ಅಡ್ಡಿಲ್ಲ. ಹಾಲು ಸ್ವಲ್ಪ ಹೆಚ್ಚಾಯಿತು." ಅವಳ ಬಾಯಿಂದ ಬೇರೆ ಮನೆಯ ಕಾಫಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿದ್ದಿಲ್ಲ.

ಮೂರನೆಯ ದಿನ, ಬುಧವಾರ

ಅಕ್ಷರಧಾಮಕ್ಕೆ ಹೋಗೋಣ ಎಂಬ ಅಣ್ಣನ ಸಲಹೆಯನ್ನು ಪಕ್ಕಕ್ಕಿಟ್ಟು ಅಮ್ಮ ಮತ್ತೆ ಅಲ್ಲಿಗೇ ಹೊರಟಳು. ಅವಳ ಕಾರಣ ಸರಳವಾಗಿತ್ತು: ನಿನ್ನೆ ಒಳಗಿನವರನ್ನು ನೋಡಿಯಾಯಿತು, ಹೊರಗಿನ ಮನೆಗಳನ್ನು ನೋಡಿಲ್ಲ.

ಹೊರಗಿನ ಮನೆಗಳು ಸಂಗ್ರಹಾಲಯದ ಈಗಿನ ಕಟ್ಟಡಕ್ಕಿಂತ ಹಳೆಯವು. 1972ರಲ್ಲಿ ಪ್ರಗತಿ ಮೈದಾನದಲ್ಲಿ ಏಷ್ಯಾ 72 ಎಂಬ ವ್ಯಾಪಾರ ಮೇಳ ನಡೆದಾಗ ಗ್ರಾಮೀಣ ಭಾರತವನ್ನು ತೋರಿಸುವುದಕ್ಕೆ ತಾತ್ಕಾಲಿಕವಾಗಿ ಕಟ್ಟಿದ ಹಳ್ಳಿಯಲ್ಲಿ ಉಳಿದುಕೊಂಡದ್ದು ಇಂದಿಗೂ ಇಲ್ಲಿದೆ. ಕಛ್‌ನ ದುಂಡನೆಯ ಮಣ್ಣಿನ ಮನೆ, ನೀಲಗಿರಿಯ ತೋಡರ ಕಮಾನು ಗುಡಿಸಲು, ಕುಲು ಕಣಿವೆಯ ಮರದ ಮನೆ ಎಲ್ಲವೂ ಕೂಗಳತೆಯಲ್ಲಿ ನೆರೆಹೊರೆಯಾಗಿವೆ. ತೋಡರ ಗುಡಿಸಲಿನ ಬಾಗಿಲು ಎಷ್ಟು ಚಿಕ್ಕದೆಂದರೆ ತೆವಳಿಕೊಂಡೇ ಒಳಗೆ ಹೋಗಬೇಕು. ಅಮ್ಮ ಮಣ್ಣಿನ ಗೋಡೆಗಳಿಗೆ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತ, ಸಾರಣೆ ಯಾವಾಗ ಆಗಿರಬಹುದೆಂದು ಅಂದಾಜು ಮಾಡುತ್ತ ನಡೆದಳು.

ಗೋಡೆಗಳ ಮೇಲಿನ ಮಧುಬನಿ ಚಿತ್ರಗಳನ್ನು ನೋಡುವಾಗ ನನಗೆ ನೆನಪಾದದ್ದು ಇಲ್ಲಿ ಈಗ ಇಲ್ಲದ ಒಂದು ಕೋಣೆ. ಮಿಥಿಲೆಯ ಗಂಗಾದೇವಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದ ದಿನಗಳಲ್ಲೇ ಈ ಸಂಗ್ರಹಾಲಯದ ಒಂದು ಕೋಣೆಯ ಗೋಡೆಗಳ ಮೇಲೆ ಕೊಹಬರ್ ಘರ್, ಅಂದರೆ ಮದುಮಕ್ಕಳ ಕೋಣೆಯ ಚಿತ್ರವನ್ನು ಬರೆದರು. 1991ರಲ್ಲಿ ಅವರು ತೀರಿಕೊಂಡರು. 2015ರ ಸುಮಾರಿಗೆ ನವೀಕರಣದ ಕೆಲಸದಲ್ಲಿ ಆ ಗೋಡೆಚಿತ್ರ ಅಳಿದುಹೋಯಿತು. ಮೆಕ್ಕೆಕಟ್ಟಿನಲ್ಲಿ ನೀರುಪಾಲಾಗಬಹುದಾಗಿದ್ದದ್ದನ್ನು ಉಳಿಸಿದ ಅಂಗಳದಲ್ಲೇ, ಉಳಿಸುವುದಕ್ಕೆಂದೇ ಬರೆಸಿದ್ದು ಹೋಯಿತು. ಮಿಥಿಲೆಯ ಹೆಂಗಸರು ಮದುವೆ ಮುಗಿದ ಮನೆಯ ಗೋಡೆಗೆ ಮತ್ತೆ ಸುಣ್ಣ ಬಳಿಯುವವರೇ ಇರಬಹುದು. ಆದರೆ ಇದು ಮನೆಯಲ್ಲವಲ್ಲ.

ಕಸುಬುದಾರರನ್ನು ಬೇರೆ ಬೇರೆ ರಾಜ್ಯಗಳಿಂದ ಕರೆಸಿ ಕೆಲಕಾಲ ಇಲ್ಲೇ ಕೆಲಸ ಮಾಡಲು, ಮಾರಲು ಜಾಗ ಕೊಡುವ ಪದ್ಧತಿ ಇದೆ. ಅಂದು ಜಗಲಿಯಲ್ಲಿ ಕೂತವರಲ್ಲಿ ಬಿಹಾರದ ಒಬ್ಬ ಹೆಂಗಸು ಸಿಕ್ಕಿ ಹುಲ್ಲಿನ ಬುಟ್ಟಿ ಹೆಣೆಯುತ್ತಿದ್ದಳು. ಸಿಕ್ಕಿ ಎಂದರೆ ಚಿನ್ನದ ಬಣ್ಣದ ಒಂದು ಬಗೆಯ ಹುಲ್ಲು. ಒಳಗೆ ಒರಟು ಮುಂಜ್ ಹುಲ್ಲಿನ ಎಳೆಯನ್ನು ಸುರುಳಿ ಸುತ್ತುತ್ತ, ಟಕುವಾ ಎಂಬ ದಬ್ಬಳದಂಥ ಕಬ್ಬಿಣದ ಸಲಕರಣೆಯಿಂದ ತೂತು ಮಾಡಿ, ಆ ತೂತಿನಲ್ಲಿ ಒದ್ದೆ ಮಾಡಿದ ಸಿಕ್ಕಿಯ ಎಳೆಯನ್ನು ತೂರಿಸಿ ಬಿಗಿಯುತ್ತಾರೆ. ಅಮ್ಮ ಅವಳ ಎದುರಿಗೆ ಕೂತೇಬಿಟ್ಟಳು. ಇವಳಿಗೆ ಹಿಂದಿ ಬಾರದು, ಅವಳಿಗೆ ಕನ್ನಡ ಬಾರದು. ಅಮ್ಮ ಮುಂಡುಕನ ಓಲೆಯ ಚಾಪೆ ನೇಯುತ್ತಿದ್ದ ಕಾಲವನ್ನು ಬರಿಗೈಯಲ್ಲೇ ಅಭಿನಯಿಸಿ ತೋರಿಸಿದಳು: ಓಲೆಯ ಮುಳ್ಳು ತೆಗೆಯುವುದು, ಬಿಸಿಲಿಗೆ ಹಾಕುವುದು, ಸುರುಳಿ ಸುತ್ತುವುದು, ಸೀಳುವುದು. ಆ ಹೆಂಗಸು ನಕ್ಕು, ತನ್ನ ಹೆಬ್ಬೆರಳಿನ ಬದಿಯಲ್ಲಿ ಜಡ್ಡುಗಟ್ಟಿದ ಜಾಗವನ್ನು ತೋರಿಸಿದಳು. ಅಮ್ಮ ತನ್ನ ಹೆಬ್ಬೆರಳು ಚಾಚಿದಳು. ಅಲ್ಲಿ ಈಗ ಏನೂ ಇಲ್ಲ, ಚಾಪೆ ನೇಯ್ದು ನಲವತ್ತು ವರ್ಷ ಕಳೆದಿದೆ. ಆದರೂ ಅವಳು ಆ ಜಾಗವನ್ನೇ ಒತ್ತಿ ತೋರಿಸಿದಳು. ಅಂಗೈಯಷ್ಟು ಅಗಲದ ಒಂದು ಡಬ್ಬಿಯನ್ನು ಚೌಕಾಸಿ ಮಾಡದೆ ಕೊಂಡಳು. ಸಂತೆಯಲ್ಲಿ ಬಸಳೆ ಕಟ್ಟಿಗೂ ಚೌಕಾಸಿ ಮಾಡುವ ಹೆಂಗಸು ಅವಳು.

ಜವಳಿ ವಿಭಾಗವನ್ನು ಅವಸರದಲ್ಲಿ ನೋಡಿದ್ದು ನನಗೆ ಈಗಲೂ ಕೊರತೆಯಾಗಿಯೇ ಇದೆ. ಹಾಸನ್ನೂ ಹೊಕ್ಕನ್ನೂ ನೇಯುವ ಮೊದಲೇ ಲೆಕ್ಕ ಹಾಕಿ ಕಟ್ಟಿ, ಬಣ್ಣದಲ್ಲಿ ಅದ್ದಿ, ಮಗ್ಗದ ಮೇಲೆ ಎರಡರ ಚಿತ್ತಾರವೂ ಕೂದಲೆಳೆ ತಪ್ಪದಂತೆ ಕೂಡಿಸುವ ಪಾಟಣದ ಪಟೋಲವನ್ನು ಐದು ನಿಮಿಷದಲ್ಲಿ ನೋಡಿ ಮುಗಿಸುವುದು ಅನ್ಯಾಯ. ಆದರೆ ಅಮ್ಮನಿಗೆ ಕಾಲು ನೋವು ಶುರುವಾಗಿತ್ತು, ಹೊರಡುವ ಮುನ್ನ ಇನ್ನೊಂದು ಲೋಟ ಕಾಫಿ ಬೇಕೆಂದು ಅವಳೇ ಬಾಯಿ ಬಿಟ್ಟು ಕೇಳಿದಳು.

ಅದೇ ಚಪ್ಪರ, ಬೇರೆ ಮೇಜು. ಕಾಫಿ ಮುಗಿದ ಮೇಲೆ, ಒಂದು ನಿಮಿಷ ಬರುತ್ತೇನೆ ಎಂದು ಎದ್ದುಹೋದವಳು ಕಾಲು ಗಂಟೆಯಾದರೂ ಬರಲಿಲ್ಲ. ನಾನು ಹುಡುಕಿಕೊಂಡು ಹೋದೆ. ಅವಳು ಭೂತ ಗ್ಯಾಲರಿಯಲ್ಲಿದ್ದಳು, ಕುದುರೆಯೇರಿದ ಒಬ್ಬರ ಮುಂದೆ. ಹೊರಡುವಾಗ ಮನೆಯ ಹಿರಿಯರಿಗೆ ಹೇಳಿ ಹೊರಡುವುದು ನಮ್ಮಲ್ಲಿ ಕ್ರಮ. ಅವಳ ತುಟಿ ಅಲುಗುತ್ತಿತ್ತು. ನಾನು ಬಾಗಿಲಿನಿಂದಲೇ ಹಿಂದಕ್ಕೆ ಬಂದೆ.

ನಾಲ್ಕನೆಯ ದಿನ, ಗುರುವಾರ

ದಿಲ್ಲಿಯಿಂದ ಮಂಗಳೂರಿಗೆ ವಿಮಾನ, ಅಲ್ಲಿಂದ ಕುಂದಾಪುರದ ನಮ್ಮ ಮನೆಗೆ ಬಸ್ಸು. ವಿಮಾನ ಎರಡು ಗಂಟೆ ತಡ. ಸಿಕ್ಕಿಯ ಡಬ್ಬಿ ನಜ್ಜುಗುಜ್ಜಾಗುತ್ತದೆಂದು ಅಮ್ಮ ಅದನ್ನು ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಐದನೆಯ ದಿನ, ಶುಕ್ರವಾರ

ದಣಿವಾರಿಸಿಕೊಳ್ಳಲು ಬಿಡದೆ ಮರುದಿನ ಬೆಳಿಗ್ಗೆಯೇ ಮೆಕ್ಕೆಕಟ್ಟಿಗೆ ಹೋಗೋಣವೆಂದಳು. ಹೆದ್ದಾರಿಯಲ್ಲಿ ಕೋಟದವರೆಗೆ ಬಂದು ಅಲ್ಲಿಂದ ಪೂರ್ವಕ್ಕೆ ತಿರುಗಿದೆವು. ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ಉದ್ದು, ನೆಲಗಡಲೆ ಹಸಿರಾಗಿ ಹರಡಿದ್ದವು.

ಈಗಿನ ಮೂರ್ತಿಗಳು ಗಾಢ ಕೆಂಪು. ದಿಲ್ಲಿಯಲ್ಲಿ ಬಣ್ಣ ಕಳಚಿದವರನ್ನು ಎರಡು ದಿನ ನೋಡಿ ಬಂದ ಕಣ್ಣಿಗೆ ಇವರ ಬಣ್ಣ ಮೊದಲು ಹೊಡೆದು ಬಡಿದಂತಾಯಿತು. ಸಾಲು ಸಾಲಾಗಿ, ದೊಡ್ಡವರು ಚಿಕ್ಕವರು, ವಾಹನವೇರಿದವರು ಆಯುಧ ಹಿಡಿದವರು, ಎಲ್ಲರ ಕಣ್ಣೂ ಅದೇ ದುಂಡು ಕಣ್ಣು. ಇವರ ಬೆನ್ನು ಕಾಣಿಸುವುದಿಲ್ಲ. ಬೆನ್ನ ಹಿಂದೆ ಗೋಡೆ, ಮುಂದೆ ಹೂವು, ಕುಂಕುಮ, ಎಣ್ಣೆಯ ವಾಸನೆ. ಇಲ್ಲಿ ಅಮ್ಮ ಯಾರನ್ನೂ ಕೇಳದೆ ಕೈಮುಗಿದಳು.

ಆಮೇಲೆ ಅವಳು ಮಾಡಿದ್ದು ನಾನು ಎಣಿಸಿರದ ಕೆಲಸ. ದಿಲ್ಲಿಯಲ್ಲಿ ಕಂಡ ಕುದುರೆಯವರ ಹಾಗಿರುವವರನ್ನು ಸಾಲಿನಲ್ಲಿ ಹುಡುಕುತ್ತ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದಳು. ಒಂದೆಡೆ ನಿಂತು ನನ್ನನ್ನು ಕರೆದು, ಫೋನಿನಲ್ಲಿರುವ ಚಿತ್ರ ತೆಗೆಯಲು ಹೇಳಿ, ಎರಡನ್ನೂ ಸರತಿಯಲ್ಲಿ ನೋಡಿದಳು. ಮೀಸೆಯ ತಿರುವು ಬೇರೆ ಇತ್ತು, ಕುದುರೆಯ ಕತ್ತು ಇಲ್ಲಿ ಸ್ವಲ್ಪ ಗಿಡ್ಡ. "ಆಚಾರಿ ಬೇರೆ, ಕೈ ಬೇರೆ" ಎಂದು ತಾನೇ ಹೇಳಿಕೊಂಡಳು.

ಹೊರಗೆ ಅಂಗಳದಲ್ಲಿ ಒಬ್ಬ ಹಿರಿಯರು ಬಿದ್ದ ಎಲೆಗಳನ್ನು ಗುಡಿಸುತ್ತಿದ್ದರು. ಅಮ್ಮ ಅವರ ಹತ್ತಿರ ಹೋಗಿ, ಹಳಬರನ್ನು ದಿಲ್ಲಿಯಲ್ಲಿ ಕಂಡು ಬಂದೆ ಎಂದು ವರ್ತಮಾನ ಹೇಳಿದಳು. ಅವರು ಹಿಡಿಸೂಡಿಯನ್ನು ಗೋಡೆಗೆ ಒರಗಿಸಿ, ಮುಂಡಾಸಿನಿಂದ ಮುಖ ಒರೆಸಿಕೊಂಡು, ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು:

"ಹೌದಾ ಅಮ್ಮ? ಅಲ್ಲಿ ಗೆದ್ದಲು ಕಾಟ ಇಲ್ಲವಲ್ಲ?"